ಅವ್ವನ ಹೊಸ್ತಿಲ ಕಾನೂನು

ಲೆಕ್ಕದಲ್ಲಿ ನಾನು ಬಹಳ ಜಾಣ ಎಂದು ನಮ್ಮೂರು ಗೊಬ್ಬೂರಿನಲ್ಲಿ ಒಂದು ಹೆಸರಿದೆ. ಆ ಹೆಸರನ್ನು ಹಬ್ಬಿಸಿದವನೂ ನಾನೇ ಆದ್ದರಿಂದ ಅದರ ಬಗ್ಗೆ ಹೆಚ್ಚು ಹೇಳಿಕೊಳ್ಳುವುದು ಚೆನ್ನಾಗಿರುವುದಿಲ್ಲ. ನಾನು ದುಬೈಯಲ್ಲಿ ಟ್ರೇಲರ್ ಓಡಿಸುತ್ತೇನೆ. ವಾರಕ್ಕೆ ಎರಡು ಸಲ ಸರಕು ಹೇರಿಕೊಂಡು ಗಡಿ ದಾಟಿ ಒಮಾನಿಗೆ ಹೋಗಿ ಬರುವುದು ನನ್ನ ಕೆಲಸ. ನನ್ನ ಪಾಸ್‌ಪೋರ್ಟಿನಲ್ಲಿ ಠಸ್ಸೆ ಬೀಳದೆ ಉಳಿದ ಜಾಗವೆಂದರೆ ನನ್ನ ಫೋಟೋ ಒಂದೇ. ಇಂಥವನಿಗೆ ಗಡಿಯ ಕಾನೂನೆಲ್ಲ ಬಾಯಿಪಾಠ ಇರುತ್ತದೆ ಎಂದು ನೀವು ತಿಳಿದುಕೊಂಡರೆ ತಪ್ಪಿಲ್ಲ. ನಾನೂ ಹಾಗೆಯೇ ತಿಳಿದುಕೊಂಡಿದ್ದೆ.

ಕಾನೂನು ಇಷ್ಟೇ. ದುಬೈಯವರು ಕೊಟ್ಟ ವಾಸದ ಕಾರ್ಡು ಇದ್ದವನು ನೂರ ಎಂಬತ್ತು ದಿನಕ್ಕಿಂತ ಹೆಚ್ಚು ಹೊರಗುಳಿದರೆ ಕಾರ್ಡು ರದ್ದು. ವಾರದಲ್ಲಿ ಎರಡು ಸಲ ಒಳಗೆ ಹೊರಗೆ ಆಡುವ ನಮ್ಮಂಥ ಡ್ರೈವರುಗಳಿಗೆ ಇದು ತಲೆ ಕೆಡಿಸಿಕೊಳ್ಳುವ ವಿಷಯವೇ ಅಲ್ಲ. ಆದರೆ ಹೋದ ವರ್ಷ ನನ್ನ ಸೊಂಟ ಹಿಡಿಯಿತು. ಡಾಕ್ಟರು ಸ್ಟೇರಿಂಗ್ ಮುಟ್ಟಬೇಡ ಎಂದರು. ಕಂಪನಿಯವರು ರಜೆ ಕೊಟ್ಟು, ಕಾರ್ಡು ಉಳಿಸಿಕೊಂಡು ಬಾ, ಇಲ್ಲದಿದ್ದರೆ ಬರಲೇಬೇಡ ಎಂದರು. ಐವತ್ತರ ಹತ್ತಿರ ಬಂದ, ಸೊಂಟ ಹಿಡಿದವನನ್ನು ಬೇರೆ ಯಾವ ಕಂಪನಿಯವರು ಕರೆಯುತ್ತಾರೆ ಹೇಳಿ? ಸರಿಯಾಗಿ ಎಳ್ಳಮಾವಾಸ್ಯೆಯ ದಿನ ಊರು ಮುಟ್ಟಿದೆ. ಹೊಲದಲ್ಲಿ ಕೂತು ಸಜ್ಜೆ ರೊಟ್ಟಿ, ಭಜ್ಜಿ ತಿನ್ನುತ್ತಲೇ ಎಡಗೈ ಬೆರಳು ಮಡಿಸಿ ಲೆಕ್ಕ ಹಾಕಿದೆ. ಮಣ್ಣೆತ್ತಿನ ಅಮಾವಾಸ್ಯೆ ಕಳೆದು ಮೂರನೆಯ ದಿನಕ್ಕೆ ನೂರ ಎಂಬತ್ತು. ಟಿಕೆಟ್ಟನ್ನು ಅದೇ ದಿನಕ್ಕೆ ಮಾಡಿಸಿದೆ. ಸಿಕ್ಕ ರಜೆಯಲ್ಲಿ ಒಂದು ದಿನವನ್ನಾದರೂ ಯಾಕೆ ಬಿಡಬೇಕು?

ನಮ್ಮ ಮನೆಯಲ್ಲೂ ಇಂಥದೇ ಒಂದು ಇಲಾಖೆ ಇದೆ. ಅದಕ್ಕೆ ಅವ್ವನೇ ಸಾಹೇಬಳು. ನನ್ನ ಹೆಂಡತಿ ಮಹಾದೇವಿ ಜೇವರ್ಗಿಯ ತವರಿಗೆ ಹೋದರೆ ಎಂಟು ದಿನ, ಒಂಬತ್ತನೆಯದು ಇಲ್ಲ. ಆ ಎಂಟನ್ನು ಹೇಗೆ ಎಣಿಸಬೇಕು ಎಂಬುದರ ಮೇಲೆ ಅತ್ತೆ ಸೊಸೆಯರ ವಾದ ಇಪ್ಪತ್ತು ವರ್ಷದಿಂದ ನಡೆದಿದೆ. ನಾನು ಅದರಲ್ಲಿ ಎಂದೂ ಬಾಯಿ ಹಾಕಿದವನಲ್ಲ.

ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಅವ್ವ ಕೇಳಿದಳು: "ಎಷ್ಟು ದಿನ ಆದ್ವೋ ತಮ್ಮಾ?"

"ಎಳ್ಳಮಾಸಿಯಿಂದ ನಾಳಿಗಿ ನೂರ ಎಪ್ಪತ್ತೇಳು. ಇನ್ನಾ ಮೂರು ದಿನ ಅದಾವ ಅವ್ವಾ."

"ಎಳ್ಳಮಾಸಿಗಿ ನೀ ನಮ್ಮ ಹೊಸ್ತಿಲ ತುಳದಿ. ಅವರ ಹೊಸ್ತಿಲ ದಾಟಿದ್ದು ಯಾವಾಗ?"

ನಾನು ನಕ್ಕೆ. ಮಹಾದೇವಿ ರೊಟ್ಟಿ ಬುಟ್ಟಿಯಿಂದ ಕಣ್ಣೆತ್ತಲಿಲ್ಲ. "ನಗಬ್ಯಾಡ್ರಿ. ನಾ ಜೇವರ್ಗಿಗಿ ಹೋದ್ರ ಬಸ್ಸಿನಾಗ ಕುಂತ ದಿನಾನೂ ಎಂಟರಾಗ ಹಿಡೀತಾರ. ಇಪ್ಪತ್ತು ವರ್ಷದ ಅನುಭವ ಅದ ನಂದು," ಅಂದಳು.

ಅವರ ಬಾಯಿ ಮುಚ್ಚಿಸಲೆಂದೇ ಎದ್ದು ಪಾಸ್‌ಪೋರ್ಟು ತಂದು ಬಿಚ್ಚಿದೆ. ಮುಚ್ಚಿದ್ದು ನನ್ನ ಬಾಯಿ. ಊರಿಗೆ ಬರುವ ಮೊದಲು, ಡಾಕ್ಟರು ಬೇಡವೆಂದಿದ್ದರೂ, ಕೊನೆಯದೊಂದು ಸರಕು ಒಯ್ದು ಒಮಾನಿನಲ್ಲಿ ಇಳಿಸಿ, ಗಾಡಿಯನ್ನು ಬೇರೆ ಡ್ರೈವರಿಗೆ ಒಪ್ಪಿಸಿ, ಅಲ್ಲಿಂದಲೇ ವಿಮಾನ ಹತ್ತಿದ್ದೆ. ದುಬೈಯ ಗಡಿ ದಾಟಿದ ಠಸ್ಸೆ ಎಳ್ಳಮಾವಾಸ್ಯೆಗೆ ಮೂರು ದಿನ ಮೊದಲಿನದು. ಅಂದರೆ ನೂರ ಎಂಬತ್ತನೆಯ ದಿನ ನಾಳೆಯೇ!

ಆ ಮಧ್ಯಾಹ್ನ ಎಷ್ಟು ಫೋನು ಮಾಡಿದೆನೋ, ಯಾರ್‍ಯಾರ ಕಾಲು ಹಿಡಿದೆನೋ. ಕೊನೆಗೆ ಒಂದು ಸೀಟು ಸಿಕ್ಕಿತು. ಮರುದಿನ ಬೆಳಗಾಗುತ್ತಲೇ ಮನೆ ಬಿಟ್ಟು ಹೈದರಾಬಾದು ಸೇರಿದರೆ ಸಂಜೆಯೊಳಗೆ ದುಬೈ. ಆದರೆ ಮರುದಿನ ಅಮಾವಾಸ್ಯೆ. ನಮ್ಮ ಅಪ್ಪ ಬದುಕಿರುವ ತನಕ ಅಮಾವಾಸ್ಯೆಯ ದಿನ ಹತ್ತಿರದ ಅಫಜಲಪುರಕ್ಕೂ ಹೋದವನಲ್ಲ. ಅಂಥ ಮನೆಯಿಂದ ನಾನು ಸಮುದ್ರ ದಾಟಬೇಕು. ನಾನು ಅವ್ವನ ಮುಖ ನೋಡಿದೆ. ಯಾವ ಗಡಿಯಲ್ಲೂ ಯಾವ ಅಧಿಕಾರಿಯ ಮುಖವನ್ನೂ ಅಷ್ಟು ಹೆದರಿ ನೋಡಿಲ್ಲ.

ಅವ್ವ, "ಬ್ಯಾಗ ತುಂಬು," ಅಂದಳು. "ಇವತ್ತೇ ಪ್ರಸ್ಥಾನ ಇಡಮು. ಬ್ಯಾಗ ಹೊಸ್ತಿಲ ದಾಟಿದ್ರ ನೀ ದಾಟಿದಾಂಗ. ನಾಳಿ ನೀ ಹೊಂಟವ ಅಲ್ಲ, ಇವತ್ತೇ ಹೋದವ."

ಸಂಜೆ ಅವಳೇ ಮುಂದೆ ನಿಂತು ನನ್ನ ಬ್ಯಾಗನ್ನು ಪಕ್ಕದ ಮನೆಯ ಟೇಲರ್ ಖಾಜಾಸಾಬರಲ್ಲಿ ಇಡಿಸಿದಳು. ಅವರು ಬ್ಯಾಗಿಗೆ ಕುರ್ಚಿ ಹಾಕಿ, "ಬರ್ರಿ ಅವ್ವಾರ, ಮೆಹಮಾನ್‌ಗ ಒಂದ್ ಕಪ್ ಚಾ ಮಾಡಸ್ಲೇನ್ರಿ?" ಎಂದು ಕೇಳಿದರು. ಆ ಚಹಾ ನಾನೇ ಕುಡಿದೆ.

ದುಬೈಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಪಾಸ್‌ಪೋರ್ಟು ತಿರುವಿದ, ಕಂಪ್ಯೂಟರು ನೋಡಿದ, ನನ್ನನ್ನು ನೋಡಿದ, ಮತ್ತೆ ಕಂಪ್ಯೂಟರು ನೋಡಿದ. "ನೂರ ಎಂಬತ್ತು. ಇವತ್ತೇ ಕೊನೆ," ಎಂದು ಇಂಗ್ಲಿಷಿನಲ್ಲಿ ಹೇಳಿ ಠಸ್ಸೆ ಒತ್ತಿದ. ಆ ಸದ್ದು ಕೇಳಿ ನನಗಾದ ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಇದನ್ನು ಮಹಾದೇವಿಗೆ ಓದಿ ಹೇಳಬೇಡಿ. ಹೊರಗೆ ಬರುವಾಗ ಆರು ತಿಂಗಳ ಔಷಧಕ್ಕೆ ನೆಟ್ಟಗಾಗದ ಸೊಂಟ ನೆಟ್ಟಗಾಗಿತ್ತು.

ಈಗ ನಮ್ಮ ಡ್ರೈವರುಗಳ ಕೋಣೆಗಳಲ್ಲಿ ಈ ಕಾನೂನಿಗೆ ನಾನೇ ಪಂಡಿತ. ರಜೆಗೆ ಹೋಗುವವರೆಲ್ಲ ಪಾಸ್‌ಪೋರ್ಟು ಹಿಡಿದು ನನ್ನಲ್ಲಿಗೆ ಬರುತ್ತಾರೆ. ನಾನು ಕನ್ನಡಕ ಏರಿಸಿ, "ಹೊಸ್ತಿಲು ದಾಟಿದ್ದು ಯಾವ ದಿನ?" ಎಂದು ಗಂಭೀರವಾಗಿ ಕೇಳುತ್ತೇನೆ. ಈ ವಿದ್ಯೆ ಯಾರು ಕಲಿಸಿದ್ದು ಎಂದು ಅವರು ಕೇಳಿಲ್ಲ, ನಾನೂ ಹೇಳಿಲ್ಲ.

ಮೊನ್ನೆ ಅವ್ವನ ಫೋನು ಬಂತು. "ನಿನ್ನ ಹೇಣ್ತಿ ಜೇವರ್ಗಿಗಿ ಹೋಗಿ ಹನ್ನೊಂದು ದಿನ ಆತು. ಕೇಳು ಅಕಿಗಿ."

ಕೇಳಿದೆ. ಮಹಾದೇವಿ ಬಹಳ ಶಾಂತವಾಗಿ ಉತ್ತರ ಕೊಟ್ಟಳು: "ಏಳನೇ ದಿನಾನೇ ನಮ್ಮ ಅಣ್ಣನ ಕೈಯಾಗ ನನ್ನ ಬ್ಯಾಗ ಗೊಬ್ಬೂರಿಗಿ ಕಳಿಸೇನ್ರಿ. ಬ್ಯಾಗ ಹೊಸ್ತಿಲ ದಾಟಿದ್ರ ನಾ ದಾಟಿದಾಂಗ. ಅತ್ತೇರದೇ ಮಾತು."

ಅವ್ವನಿಗೆ ತಿಳಿಸಿದೆ. ಅವಳು, "ಬ್ಯಾಗೇನೋ ಬಂದದ. ಕಾನೂನು ಬಲ್ಲವ ನೀ. ಯಾರದು ಖರೆ, ನೀನೇ ಹೇಳು," ಅಂದಳು.

"ಹಲೋ, ಹಲೋ, ಅವ್ವಾ, ಗಡಿ ದಾಟಾಕತ್ತೇನಿ, ಏನೂ ಕೇಳಿಸವಲ್ದು," ಎಂದು ಫೋನು ಇಟ್ಟೆ. ಆಗ ನಾನು ಎಲ್ಲ ಗಡಿಗಳಿಂದ ಬಹಳ ದೂರ, ನನ್ನ ಕೋಣೆಯ ಮಂಚದ ಮೇಲೆ ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದ್ದೆ.