ಷಡ್ಡಕನ ಮನೆ ವಾಲಿದ್ದು

ಷಡ್ಡಕ ಮೂರು ಮಹಡಿಯ ಮನೆ ಕಟ್ಟಿದ್ದನ್ನು ಫೋಟೋಗ್ರಾಫರ್ ಹೇಗೋ ಸಹಿಸಿಕೊಂಡಿದ್ದ. ಆದರೆ ಅದರ ಫೋಟೋ ತೆಗೆದು, ದೊಡ್ಡದು ಮಾಡಿ, ತಮ್ಮ ನಡುಮನೆಗೆ ಹಾಕಬೇಕೆಂದು ಹೆಂಡತಿ ಹಟ ಹಿಡಿದಾಗ ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

"ನನ್ನ ತಂಗಿ ಮನೆ. ಬೆಳಿಗ್ಗೆ ಎದ್ದು ನೋಡೋ ಹಾಗಿರ್ಲಿ" ಎಂದಳು.

"ನಮ್ಮನೆ ನೋಡಿದ್ರೆ ಆಗಲ್ವಾ?"

"ನಮ್ಮನೇಲಿ ನೋಡೋಕೆ ಏನಿದೆ ರೀ?"

ಮುಂದೆ ಸ್ಟುಡಿಯೋ, ಹಿಂದೆ ಎರಡು ಕೋಣೆ. ಅಪ್ಪ ಕಟ್ಟಿಸಿದ ಸ್ವಂತ ಮನೆ. ಮದುವೆಯಾಗಿ ಹನ್ನೆರಡು ವರ್ಷಗಳಲ್ಲಿ 'ನಮಗೆ ಇದೇ ಸಾಕು' ಎಂಬ ಒಂದು ಮಾತು ಅವಳ ಬಾಯಿಂದ ಬಂದಿರಲಿಲ್ಲ. ಆ ಒಂದು ಮಾತಿಗಾಗಿ ಅವನು ಕಾದು ಕೂತಿದ್ದ.

ಷಡ್ಡಕನ ಬೀದಿ ಕಿರಿದು. ಎದುರು ಗೋಡೆಗೆ ಬೆನ್ನು ಆನಿಸಿ, ಕ್ಯಾಮೆರಾ ಮೇಲಕ್ಕೆತ್ತಿ ಕ್ಲಿಕ್ಕಿಸಿದ್ದರಿಂದ, ಕಂಪ್ಯೂಟರಿನಲ್ಲಿ ಆ ಮನೆ ಮೇಲೆ ಹೋಗುತ್ತ ಸಣ್ಣಗಾಗಿ, ಉಂಡವನು ಕುರ್ಚಿಗೆ ಒರಗಿದಂತೆ ಹಿಂದಕ್ಕೆ ವಾಲಿತ್ತು. ಇದು ಕ್ಯಾಮೆರಾದ ಬುದ್ಧಿ, ಮನೆಯ ತಪ್ಪಲ್ಲ. ಗೋಡೆಯ ಎರಡೂ ಅಂಚಿಗೆ ಒಂದೊಂದು ಗೆರೆ ಎಳೆದು ಗುಂಡಿ ಒತ್ತಿದರೆ ಎಂಥ ಕಟ್ಟಡವೂ ನೆಟ್ಟಗೆ ನಿಲ್ಲುತ್ತದೆ. ಊರಿನ ಎಷ್ಟೋ ಅಂಗಡಿ, ಶಾಲೆಗಳನ್ನು ಅವನು ಹೀಗೆ ಎಬ್ಬಿಸಿ ನಿಲ್ಲಿಸಿದ್ದ. ಇವತ್ತು ಮಾತ್ರ ಕೈ ಓಡಲಿಲ್ಲ. ನೋಡಿದಷ್ಟೂ ಕಣ್ಣಿಗೆ ತಂಪಾಯಿತು. ಹಾಗೆಯೇ ದೊಡ್ಡ ಪ್ರಿಂಟು ತೆಗೆದು ಸ್ಟುಡಿಯೋದ ಗಾಜಿನ ಹಿಂದೆ ಇಟ್ಟ.

ಮೊದಲು ನೋಡಿದವನು ಎದುರಂಗಡಿಯ ಟೈಲರ್. ಬಟ್ಟೆಗಿಂತ ಸುದ್ದಿ ಹೊಲಿಯುವುದರಲ್ಲಿ ಅವನ ಕೈ ಚುರುಕು.

"ಇದೇನ್ ಸಾರ್, ನಿಮ್ಮ ಷಡ್ಡಕರ ಮನೆ ವಾಲಿದೆ?"

ಫೋಟೋಗ್ರಾಫರ್ ನಿಟ್ಟುಸಿರು ಬಿಟ್ಟ. "ನನ್ನ ಬಾಯಿಂದ ಏನ್ ಹೇಳ್ಲಿ? ಕ್ಯಾಮೆರಾ ಸುಳ್ಳು ಹೇಳಲ್ಲ."

ಅರ್ಧ ಗಂಟೆಯಲ್ಲಿ ಬೀದಿಗೆ ಬೀದಿಯೇ ಗಾಜಿನ ಮುಂದೆ ನಿಂತಿತು. ಒಬ್ಬರು ಮರಳನ್ನು ಬೈದರು, ಇನ್ನೊಬ್ಬರು ಸಿಮೆಂಟನ್ನು. ತಳಪಾಯ ಹಾಕುವಾಗಲೇ ತನಗೆ ಗೊತ್ತಿತ್ತೆಂದು ಆ ಕಡೆ ಕಾಲಿಡದವರೂ ಹೇಳಿದರು. ಫೋಟೋಗ್ರಾಫರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಮಧ್ಯಾಹ್ನ ಬಾಗಿಲಿಗೆ ಒಂದು ಟೆಂಪೊ ಬಂತು. ಷಡ್ಡಕ, ನಾದಿನಿ, ಮೂವರು ಮಕ್ಕಳು, ಐದು ಹಾಸಿಗೆ ಸುರುಳಿ ಇಳಿದವು.

"ಟೈಲರ್ ಫೋನ್ ಮಾಡಿದ್ರು" ಎಂದು ಷಡ್ಡಕ ಅವನ ಎರಡೂ ಕೈ ಹಿಡಿದುಕೊಂಡ. "ನೀವು ಫೋಟೋ ತೆಗೀದಿದ್ರೆ ಮಲಗಿದ್ದಲ್ಲೇ ಮಣ್ಣಾಗ್ತಿದ್ವಿ ಅಣ್ಣ. ಎಂಜಿನಿಯರ್ ನೋಡಿ ಹೇಳೋವರೆಗೆ ಇಲ್ಲೇ ಇರ್ತೀವಿ."

"ಯಾವಾಗ ನೋಡ್ತಾರೆ?"

"ಬಿಡುವಾದ್ರೆ ಇವತ್ತು. ಇಲ್ದಿದ್ರೆ ಬರೋ ತಿಂಗಳು."

ಫೋಟೋಗ್ರಾಫರ್ ಕಂಪ್ಯೂಟರಿನ ಮುಂದೆ ಕೂತ. "ನೋಡಿ, ನಿಮ್ಮನೆಗೆ ಏನೂ ಆಗಿಲ್ಲ" ಎಂದು ಎಲ್ಲರ ಎದುರಿಗೇ ಗೆರೆ ಎಳೆದು ಗುಂಡಿ ಒತ್ತಿದ. ಮನೆ ಕಂಬದಂತೆ ನೆಟ್ಟಗಾಯಿತು.

ನಾದಿನಿ ಕಣ್ಣೊರೆಸಿಕೊಂಡಳು. "ನಮ್ಗೆ ಧೈರ್ಯ ಬರ್ಲಿ ಅಂತ ಚಿತ್ರದಲ್ಲಾದ್ರೂ ನೆಟ್ಟಗೆ ಮಾಡ್ತಿದಾರೆ ಭಾವ. ಎಷ್ಟು ಒಳ್ಳೆ ಮನಸ್ಸು."

"ಕ್ಯಾಮೆರಾ ಸುಳ್ಳು ಹೇಳಲ್ಲ ಅಂತ ಇವರೇ ಹೇಳಿದ್ರು" ಎಂದ ಟೈಲರ್. "ಸುಳ್ಳೆಲ್ಲ ಕಂಪ್ಯೂಟರಿಂದು."

ಹೆಂಡತಿ ತಂಗಿಯ ಹೆಗಲು ತಬ್ಬಿದಳು. "ಅಳಬೇಡ ಕಣೇ. ಚಿಕ್ಕದಾದ್ರೂ ನಮ್ಮನೆ ಗಟ್ಟಿ. ನಮಗೆ ಇದೇ ಸಾಕು."

ನಿಜ ಹೇಳಲು ಬಾಯಿ ತೆರೆದಿದ್ದ ಫೋಟೋಗ್ರಾಫರ್ ಮೆಲ್ಲಗೆ ಮುಚ್ಚಿಕೊಂಡ. ಈ ಮಾತಿಗಾಗಿ ಐದು ಹಾಸಿಗೆಯಲ್ಲ, ಹದಿನೈದು ಹಾಸಿದರೂ ಅವನಿಗೆ ಒಪ್ಪಿಗೆಯಿತ್ತು.

ಸಂಜೆ ನಾಲ್ಕಕ್ಕೆ ಎಂಜಿನಿಯರ್ ಬಂದರು. ಕೈಯಲ್ಲಿದ್ದ ದಾರದ ತುದಿಯಲ್ಲಿ ಗೋಡೆಯ ನೇರ ನೋಡುವ ತೂಗುಗುಂಡು ನೇತಾಡುತ್ತಿತ್ತು.

"ನಿಮ್ಮನೆ ನೋಡ್ಕೊಂಡೇ ಬಂದೆ" ಎಂದು ಷಡ್ಡಕನಿಗೆ ಹೇಳಿದರು. "ಕೂದಲೆಳೆಯಷ್ಟೂ ವಾಲಿಲ್ಲ. ಯಾರು ಹಬ್ಬಿಸಿದ್ದು ಇದನ್ನ?"

ಟೈಲರ್ ಸ್ಟುಡಿಯೋದ ಕಡೆ ಕೈ ತೋರಿಸಿದ. ಎಂಜಿನಿಯರ್ ಆ ಕಡೆ ತಿರುಗಿದವರು ಹಾಗೇ ನಿಂತರು. ಒಂದು ಕಣ್ಣು ಮುಚ್ಚಿದರು. ಏಣಿ ತರಿಸಿ, ಸ್ಟುಡಿಯೋ ಗೋಡೆಯ ನೆತ್ತಿಯಿಂದ ಗುಂಡನ್ನು ಇಳಿಬಿಟ್ಟರು. ಅದು ಗೋಡೆಯ ಬುಡಕ್ಕಿಂತ ನಾಲ್ಕು ಬೆರಳು ಆಚೆ ನಿಂತಿತು.

"ಇಲ್ಲಿ ಯಾರಾದ್ರೂ ವಾಸ ಇದಾರಾ?"

"ನಾವೇ" ಎಂದ ಫೋಟೋಗ್ರಾಫರ್.

"ಕತ್ತಲಾಗೋದ್ರೊಳಗೆ ಖಾಲಿ ಮಾಡಿ. ಇದನ್ನ ಕೆಡವದೆ ಬೇರೆ ದಾರಿ ಇಲ್ಲ."

ಹಾಸಿಗೆಗಳು ಮತ್ತೆ ಟೆಂಪೊ ಏರುವಷ್ಟರಲ್ಲಿ ಹೆಂಡತಿ ಆಗಲೇ ಹತ್ತಿ ತಂಗಿಯ ಪಕ್ಕ ಕೂತಿದ್ದಳು. ಷಡ್ಡಕ ಹಾಸಿಗೆಗಳ ನಡುವೆ ಜಾಗ ಮಾಡಿ, ಫೋಟೋಗ್ರಾಫರನನ್ನು ಕೈಹಿಡಿದು ಮೇಲಕ್ಕೆಳೆದುಕೊಂಡ.

"ಬೇಜಾರ್ ಮಾಡ್ಕೋಬೇಡಿ ಅಣ್ಣ. ಮೂರನೇ ಮಹಡಿ ಪೂರ್ತಿ ನಿಮ್ಗೇ. ಅಲ್ಲಿಂದ ನಿಮ್ಮ ಬೀದಿ ಚೆನ್ನಾಗಿ ಕಾಣುತ್ತೆ, ಮನೆ ಕೆಡವೋದನ್ನ ಕೂತಲ್ಲಿಂದ್ಲೇ ನೋಡ್ಬಹುದು."