ಆಪಾಗೆ ನಾನು ಸಮುದ್ರ ತೋರಿಸಲು ಹೋದದ್ದು

ನನ್ನ ಅಕ್ಕನಿಗೆ ಸಮುದ್ರ ತೋರಿಸುವುದು ದೊಡ್ಡ ಕೆಲಸವೇನಲ್ಲ ಎಂದು ನಾನು ತಿಳಿದಿದ್ದೆ. ಹುಣಸೂರಿನಲ್ಲಿ ಬಸ್ಸು ಹತ್ತಬೇಕು, ಮಂಗಳೂರಿನಲ್ಲಿ ಇಳಿಯಬೇಕು, ಸಮುದ್ರದ ಕಡೆ ಮುಖ ಮಾಡಿ ನಿಲ್ಲಬೇಕು. ಸಮುದ್ರ ಚಿಕ್ಕ ವಸ್ತುವಲ್ಲ, ಹುಡುಕುವ ಕಷ್ಟವಿಲ್ಲ. ಆದರೂ ನಾನು ತೋರಿಸಲಿಲ್ಲ. ಏಕೆ ತೋರಿಸಲಿಲ್ಲ ಎಂಬುದನ್ನು ನಮ್ಮ ಬೀದಿಯವರು ತಮಗೆ ಬೇಕಾದಂತೆ ಹೇಳಿಕೊಂಡು ತಿರುಗುತ್ತಿರುವುದರಿಂದ, ನಡೆದದ್ದನ್ನು ನಾನೇ ಬರೆದುಬಿಡುತ್ತೇನೆ. ತಪ್ಪು ನನ್ನದು. ಪೂರ್ತಿ ನನ್ನದಲ್ಲ.

ನಾನು ಸಾಮಿಲ್ಲಿನಲ್ಲಿ ಮರ ಅಳೆಯುವವನು. ಓದಿದ್ದು ಐದನೇ ಕ್ಲಾಸು. ದಿಮ್ಮಿಗೆ ಟೇಪು ಸುತ್ತಿ, ಉದ್ದ ನೋಡಿ, ಎಷ್ಟು ಅಡಿ ಮರ, ಅಂದರೆ ಘನ ಅಡಿ, ಸಿಗುತ್ತದೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತೇನೆ. ಆಮೇಲೆ ಸುತ್ತಳತೆ, ಉದ್ದ ಎರಡನ್ನೂ ನೀಲಿ ಬಳಪದಲ್ಲಿ ಮರದ ಮೇಲೇ ಬರೆದು ಸುತ್ತ ಒಂದು ಗುಂಡು ಎಳೆಯುತ್ತೇನೆ. ಗುಂಡು ಎಳೆದರೆ ಅಳತೆ ಮುಗಿಯಿತು ಎಂದು ಅರ್ಥ. ಟೇಪು ಎಡಗಡೆ ಜೇಬು, ಬಳಪ ಬಲಗಡೆ ಜೇಬು. ಮದುವೆಗೆ ಹೋದರೂ ಅಷ್ಟೇ.

ಅಕ್ಕನ ಹೆಸರು ಜುಬೇದಾ. ನಾನು ಆಪಾ ಎನ್ನುತ್ತೇನೆ. ಅವಳು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಯವರು ಮಂಗಳೂರಿಗೆ ಪ್ರವಾಸ ಹೊರಟರು. ಹಿಂದಿನ ದಿನ ನನಗೆ ಗದ್ದಬಾವು ಬಂತು. ಅಮ್ಮಿ ಹೊಗೆಸೊಪ್ಪಿನ ಕೆಲಸಕ್ಕೆ ಹೋಗಲೇಬೇಕಿತ್ತು. ಊದಿದ ಕೆನ್ನೆಯ ನನ್ನ ಪಕ್ಕ ಆಪಾ ಕೂತಳು, ಪ್ರವಾಸದ ಬಸ್ಸು ಹೋಯಿತು. ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವಳು ಒಮ್ಮೆಯೂ ಎತ್ತಲಿಲ್ಲ. ಒಂದು ಸಲ ಬೈದಿದ್ದರೆ ನಾನು ಆರಾಮಾಗಿ ಬದುಕುತ್ತಿದ್ದೆ.

ಹೋದ ವರ್ಷ ಟಿ.ವಿ.ಯಲ್ಲಿ ಅಲೆ ಕಂಡಾಗ, "ಇದು ನಿಜವಾಗ್ಲೂ ಇಷ್ಟ್ ಸದ್ದು ಮಾಡ್ತದಾ?" ಎಂದು ಆಪಾ ಕೇಳಿದಳು. ಯಾರನ್ನೂ ನೋಡದೆ ಕೇಳಿದಳು. ನನ್ನ ಎದೆಯಲ್ಲಿ ಗರಗಸ ಓಡಿದ ಹಾಗಾಯಿತು.

"ಆಪಾ, ಮುಂದಿನ ಭಾನುವಾರ ನಾನು ನೀನು ಮಂಗಳೂರಿಗೆ" ಎಂದು ಘೋಷಿಸಿದೆ.

ಮನೆಯಲ್ಲಿ ನಾವು ಮಾತಾಡುವುದು ಉರ್ದು, ಜಗಳವಾಡುವುದು ಕನ್ನಡ. ನಾನು ಬರೆದಿಟ್ಟ ಚೀಟಿ ನೋಡಿದ ತಕ್ಷಣ ನನ್ನ ಹೆಂಡತಿ ರಿಹಾನಾ ಕನ್ನಡಕ್ಕೆ ಬಂದಳು.

"ಈ ಚೀಟೀಲಿ ಏನ್ರೀ ಬರ್ಕೊಂಡಿರೋದು? ಪಾರ್ಕು, ಸರ್ಕಲ್ಲು, ಪಾರ್ಕು. ಆಪಾ ಕೇಳಿದ್ದು ಸಮುದ್ರ."

"ಬಸ್ಸು ಮುಟ್ಟೋದು ಅನ್ನೊಂದು ಗಂಟೆಗೆ. ಆ ಬಿಸಿಲಲ್ಲಿ ಮರಳು ಸುಡ್ತದೆ. ಮೊದಲು ನೆರಳು, ಆಮೇಲೆ ನೀರು. ಮಗಳು ಫೋನಲ್ಲಿ ನೋಡಿ ಹೇಳಿದ್ದಾಳೆ, ಮಂಗಳೂರಲ್ಲಿ ಪಾರ್ಕುಗಳು ನೋಡಲೇಬೇಕಂತೆ."

"ಮರ ಇರೋ ಕಡೆ ನಿಮ್ಮನ್ನ ಬುಟ್ರೆ ಆಯ್ತು ಬುಡಿ" ಎಂದಳು ರಿಹಾನಾ. ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾಳೆ ಎಂದುಕೊಂಡೆ.

ನಮ್ಮ ಕಾರ್ಯಕ್ರಮ ಹೀಗಿತ್ತು: ಗುಡ್ಡದ ಮೇಲಿನ ಪಾರ್ಕು, ಪೇಟೆಯ ನಡುವಿನ ಸರ್ಕಲ್ಲು, ಊಟ, ಇನ್ನೊಂದು ಪಾರ್ಕು, ನಾಲ್ಕು ಗಂಟೆಗೆ ಸಮುದ್ರ, ಐದೂವರೆಗೆ ವಾಪಸು ಬಸ್ಸು. ವಾಪಸಿನ ಸೀಟು ಮೊದಲೇ ಬುಕ್ ಮಾಡಿಸಿದ್ದೆ. ಮಂತ್ರಿಗಳ ಪ್ರವಾಸವೂ ಇಷ್ಟು ಅಚ್ಚುಕಟ್ಟಾಗಿ ಇರುವುದಿಲ್ಲ.

ಮೊದಲ ಪಾರ್ಕಿನಲ್ಲಿ ಹೂವಿನ ಪಾತಿ ಚೆನ್ನಾಗಿತ್ತು. ಬೆಂಚಿನ ಕೆಲಸ ಚೆನ್ನಾಗಿರಲಿಲ್ಲ. ಕಾಲೂ ಹಲಗೆಯೂ ಸೇರುವ ಕಡೆ ಕಚ್ಚು ಸಡಿಲವಾಗಿ, ಕೂತರೆ ಬೆಂಚು ಕುಂಯ್ ಎನ್ನುತ್ತಿತ್ತು. ನಾನು ಮಂಡಿಯೂರಿ ಕೆಳಗೆ ನೋಡಿದೆ, ಒಂದು ಕಡ್ಡಿ ಸೀಳಿ ಬೆಣೆ ಮಾಡಿ ಹೊಡೆದೆ. ಪಕ್ಕದ ಬೆಂಚೂ ಕುಂಯ್ ಎಂದಿತು. ಅಲ್ಲಿ ಒಟ್ಟು ಆರು ಬೆಂಚುಗಳಿದ್ದವು.

"ಲೋ ಬಾಬು" ಎಂದಳು ಆಪಾ, ಆರನೆಯದರ ಮೇಲೆ ಕೂತು, "ನಾವ್ ನೋಡಕ್ ಬಂದಿದ್ದಾ, ರಿಪೇರಿಗ್ ಬಂದಿದ್ದಾ?"

"ಆಯ್ತು ಆಪಾ. ಸಮುದ್ರ ಎಲ್ಲಿಗೂ ಓಗಲ್ಲ."

"ಬಸ್ಸು ಓಗ್ತದೆ ಕಣೋ."

ಸರ್ಕಲ್ಲಿನಲ್ಲಿ ನನ್ನ ತಪ್ಪೇನೂ ಇಲ್ಲ. ನಮ್ಮ ಊರಿನಲ್ಲಿ ಸರ್ಕಲ್ಲು ಎಂದರೆ ಕಟ್ಟೆಯ ಮೇಲೆ ಕೂತು ಮಾತಾಡುವ ಜಾಗ. ಆ ನಂಬಿಕೆಯಿಂದ ಆಪಾಳ ಕೈ ಹಿಡಿದು ರಸ್ತೆ ದಾಟಿ ನಡುವಿನ ಗುಂಡು ಕಟ್ಟೆ ತಲುಪಿದೆ. ಅಲ್ಲಿ ನಮ್ಮಿಬ್ಬರನ್ನು ಬಿಟ್ಟು ಯಾರೂ ಇರಲಿಲ್ಲ. ಏಕೆ ಇರಲಿಲ್ಲ ಎಂಬುದು ವಾಪಸು ಹೊರಟಾಗ ತಿಳಿಯಿತು. ನಾಲ್ಕೂ ಕಡೆಯಿಂದ ಬಸ್ಸುಗಳು ನಮ್ಮ ಸುತ್ತ ಪ್ರದಕ್ಷಿಣೆ ಹಾಕತೊಡಗಿದವು. ಅರ್ಧ ಗಂಟೆ ನಾವು ಪ್ರತಿಮೆಗಳ ಹಾಗೆ ನಿಂತಿದ್ದೆವು. ಕೊನೆಗೆ ಪೊಲೀಸಿನವರು ಬಂದು, "ಎಂತ ಮಾರಾಯ್ರೆ, ಇಲ್ಲಿ ನಿಲ್ಲುವುದುಂಟಾ?" ಎಂದು ಕೈ ಹಿಡಿದು ದಾಟಿಸಿದರು.

ಊಟ ಮಾಡಿ ಎರಡನೇ ಪಾರ್ಕಿಗೆ ಹೋದೆವು. ಅದರ ಹೆಸರು ಹೇಳುವುದಿಲ್ಲ. ಆಪಾ ನೆರಳಿನಲ್ಲಿ ಬೆಂಚಿನ ಮೇಲೆ ಕೂತವಳು ಹಾಗೇ ಕಣ್ಣು ಮುಚ್ಚಿದಳು. ನಾನು ಒಂದು ಸುತ್ತು ಹೊರಟೆ. ಮೂಲೆಯಲ್ಲಿ ಅದು ನಿಂತಿತ್ತು. ಹಲಸಿನ ಮರ. ನೆಲದಿಂದ ಮೊದಲ ಕೊಂಬೆಯವರೆಗೆ ಗಂಟಿಲ್ಲ, ತಿರುಚಿಲ್ಲ, ಪೊಳ್ಳಿಲ್ಲ. ತಟ್ಟಿದೆ. ಗಟ್ಟಿ ಸದ್ದು. ನಮ್ಮ ಸಾಮಿಲ್ಲಿಗೆ ಹತ್ತು ವರ್ಷಕ್ಕೊಮ್ಮೆಯೂ ಅಂಥದ್ದು ಬರುವುದಿಲ್ಲ. ಕಡಿಯುವ ಆಸೆ ನನಗೆ ಖಂಡಿತ ಇರಲಿಲ್ಲ. ಇದನ್ನು ಯಾರು ಕೇಳಿದರೂ ಎದೆ ತಟ್ಟಿ ಹೇಳುತ್ತೇನೆ. ಚೆಂದದ ಮಗುವನ್ನು ಕಂಡರೆ ಕೆನ್ನೆ ಮುಟ್ಟುವುದಿಲ್ಲವೇ? ಹಾಗೆ ನಾನು ಟೇಪು ಸುತ್ತಿದೆ. ಸುತ್ತು ಏಳು ಅಡಿ ನಾಲ್ಕು ಇಂಚು. ಉದ್ದ, ಕಣ್ಣಂದಾಜಿಗೆ ಹದಿನೈದು ಅಡಿ. ಕೈ ತನ್ನ ಪಾಡಿಗೆ ಬಲಗಡೆ ಜೇಬಿಗೆ ಹೋಯಿತು. ಬರೆದೆ. ಗುಂಡು ಎಳೆದೆ. ಮನಸ್ಸಿಗೆ ತೃಪ್ತಿಯಾಗಿ ಆಪಾಗೆ ಟೀ ತರಲು ಹೊರಗೆ ಹೋದೆ.

ಅಂಗಡಿ ಹುಡುಕಿ ಟೀ ಹಿಡಿದು ಬರುವಷ್ಟರಲ್ಲಿ ಅರ್ಧ ಗಂಟೆಯಾಗಿತ್ತು, ಮರದ ಸುತ್ತ ಇಪ್ಪತ್ತು ಮೂವತ್ತು ಜನ! ಪಾರ್ಕಿನ ಕಾವಲಿನವರು ಬರಹ ನೋಡಿ, ದಿನಾ ಬೆಳಿಗ್ಗೆ ಅಲ್ಲಿ ನಡೆಯಲು ಬರುವವರಿಗೆಲ್ಲ ಫೋನು ಮಾಡಿದ್ದರು. ಆ ಊರಿನಲ್ಲಿ ಮರದ ಮೇಲೆ ನಂಬರು ಬಿತ್ತೆಂದರೆ ಅದನ್ನು ಕಡಿಯುತ್ತಾರೆ ಎಂದೇ ಲೆಕ್ಕವಂತೆ. ಎಲ್ಲರೂ ಕೈ ಕೈ ಹಿಡಿದು ಮರವನ್ನು ಸುತ್ತುವರಿದಿದ್ದರು. ಕನ್ನಡಕದ ಹಿರಿಯರೊಬ್ಬರು, "ಈ ಮರವನ್ನು ಮುಟ್ಟಬೇಕಾದರೆ ಮೊದಲು ನಮ್ಮನ್ನು ಕಡೀಲಿ" ಎನ್ನುತ್ತಿದ್ದರು. ಅವರ ಪಕ್ಕದಲ್ಲಿ, ಒಂದು ಕೈ ಅವರಿಗೆ, ಇನ್ನೊಂದು ಕೈ ಹಸಿರು ಚೂಡಿದಾರದ ಹೆಂಗಸಿಗೆ ಕೊಟ್ಟು ನಿಂತಿದ್ದವಳು ನಮ್ಮ ಆಪಾ.

"ಅಲಸಿನ ಮರ ಕಣಪ್ಪಾ! ಅಣ್ ಕೊಡೋ ಮರ ಕಡಿಯೋನ ಕೈಗೇನ್ ಬಂದಿದ್ದದು" ಎಂದು ಆಪಾ ಕೂಗುತ್ತಿದ್ದಳು. ಜನರು ಹೌದು ಹೌದು ಎನ್ನುತ್ತಿದ್ದರು.

ಆಗ ನಾನು ಮುಂದೆ ಬಂದು, ಬರೆದವನು ನಾನೇ ಎನ್ನಬೇಕಿತ್ತು. ಒಂದು ನಿಮಿಷದ ಮಾತು. ನಾನು ಏನು ಮಾಡಿದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. ಟೀ ಲೋಟಗಳನ್ನು ಕೆಳಗಿಟ್ಟು, ಆಪಾ ಮತ್ತು ಹಸಿರು ಚೂಡಿದಾರದ ನಡುವೆ ತೂರಿ ಕೈ ಹಿಡಿದುಕೊಂಡೆ. "ಮರ ಉಳಿಸಿ" ಎಂದು ಎಲ್ಲರೂ ಕೂಗಿದರು. ನಾನೂ ಕೂಗಿದೆ. ಸ್ವಲ್ಪ ಜೋರಾಗಿಯೇ ಕೂಗಿದೆ.

ಕೂಗುತ್ತ ಕೂಗುತ್ತ ಆಪಾ ಬರಹದ ಕಡೆ ನೋಡಿದಳು. ಇನ್ನೊಮ್ಮೆ ನೋಡಿದಳು. ನನ್ನ ಕೈಯನ್ನು ತಿರುಗಿಸಿ ಬೆರಳು ನೋಡಿದಳು. ಬೆರಳು ನೀಲಿಯಾಗಿತ್ತು.

"ಬಾಯ್ ಮುಚ್ಕೊಂಡ್ ನಿಂತ್ಕೊ" ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು. "ಯಾರೋ ಸಾಯೇಬ್ರು ಬತ್ತಾವ್ರಂತೆ. ಅವ್ರು ಕಡಿಯಲ್ಲ ಅಂತಾರೆ, ಇವ್ರು ಮನೇಗ್ ಓಗ್ತಾರೆ, ನಾವು ಸಮುದ್ರಕ್ ಓಗಣ. ನೀನ್ ಮಾತ್ರ ಉಸ್ರೆತ್ ಬ್ಯಾಡ."

ಇದು ಒಳ್ಳೆಯ ಉಪಾಯವಾಗಿತ್ತು. ನಡೆದೂ ನಡೆಯುತ್ತಿತ್ತು. ಸ್ವಲ್ಪ ಹೊತ್ತಿಗೆ ಅರಣ್ಯ ಇಲಾಖೆಯ ಅಧಿಕಾರಿಗಳೊಬ್ಬರು ಬಂದರು. ಒಳ್ಳೆಯ ಮನುಷ್ಯ. "ನಾವು ಇಂಥ ಆದೇಶ ಮಾಡಲಿಲ್ಲ, ಈ ಮರಕ್ಕೆ ಯಾರೂ ಕೈ ಹಾಕುವುದಿಲ್ಲ" ಎಂದರು. ಜನರು ಚಪ್ಪಾಳೆ ತಟ್ಟಿದರು. ಮೂರೂವರೆ ಗಂಟೆ. ಆಪಾ ನನ್ನ ತೋಳು ಹಿಡಿದು ಮೆಲ್ಲಗೆ ಎಳೆದಳು. ಅಷ್ಟರಲ್ಲಿ ಅಧಿಕಾರಿಗಳು ಮರದ ಹತ್ತಿರ ಬಗ್ಗಿ, ಬರಹ ಓದಿ, "ಇದು ಯಾರೋ ಮರದ ಕೆಲಸದವರ ಅಳತೆ. ಏಳು ಅಡಿ ನಾಲ್ಕು, ಹದಿನೈದು. ಅಂದರೆ ಒಂದು ನಲವತ್ತು ಅಡಿ ಮರ" ಎಂದರು.

ನಲವತ್ತು!

ಅವರು ಅಷ್ಟಕ್ಕೆ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೇನೋ. ಹಿರಿಯರು, "ನಲವತ್ತಾ?" ಎಂದರು. "ಹೌದು, ನಲವತ್ತೇ" ಎಂದರು ಅಧಿಕಾರಿಗಳು.

"ಐವತ್ತು, ಸಾರ್" ಎಂದೆ. "ಸುತ್ತಳತೇಲಿ ನಾಲ್ಕನೇ ಒಂದು ಭಾಗ ತಗೊಂಡ್ರೆ ಇಪ್ಪತ್ತೆರಡು ಇಂಚು. ಅದನ್ನ ಅದಕ್ಕೇ ಗುಣಿಸಿ, ಅಡಿಗೆ ತಂದು ಉದ್ದಕ್ಕೆ ಹಾಕಿ. ಐವತ್ತು ಅಡಿ, ಮೇಲೆ ಚೂರು. ನಾನು ಬರೆದ ಮೇಲೆ ತಪ್ಪೋ ಮಾತೇ ಇಲ್ಲ."

ಹಸಿರು ಚೂಡಿದಾರದ ಹೆಂಗಸು ಇಷ್ಟು ಹೊತ್ತು ನನ್ನ ಕೈ ಹಿಡಿದಿದ್ದ ತಮ್ಮ ಕೈಯನ್ನು ನೋಡಿಕೊಂಡರು. ಆಪಾ ಕಣ್ಣು ಮುಚ್ಚಿಕೊಂಡಳು.

"ಇಷ್ಟು ಹೊತ್ತು ನಮ್ಮ ಜೊತೆಗೇ ಕೂಗಿದ್ದಲ್ವಾ ಇವರು?" ಎಂದರು ಹಿರಿಯರು.

"ಕೂಗಿದ್ದೂ ನಿಜ, ಬರೆದದ್ದೂ ನಿಜ, ಐವತ್ತು ಅನ್ನೋದೂ ನಿಜ" ಎಂದೆ. ತಲೆ ತಗ್ಗಿಸಲಿಲ್ಲ.

ಯಾರೂ ಹೊಡೆಯಲಿಲ್ಲ, ಪೊಲೀಸರಿಗೂ ಹೇಳಲಿಲ್ಲ. ಅದನ್ನು ಪೂರ್ತಿ ಅಳಿಸಿ ಹೋಗಬೇಕು ಎಂದಷ್ಟೇ ತೀರ್ಮಾನವಾಯಿತು. ಕಾವಲಿನವರು ತೆಂಗಿನ ನಾರು, ಸೋಪು, ಒಂದು ಬಕೆಟ್ ನೀರು ತಂದಿಟ್ಟರು. ಆ ಬಳಪ ಮೇಣದ್ದು. ಎಂಥ ಮಳೆ ಬಂದರೂ ಅಳಿಯಬಾರದೆಂದೇ ಮಾಡಿದ್ದು. ಹಲಸಿನ ತೊಗಟೆಯಲ್ಲಿ ಸಾವಿರ ಬಿರುಕು, ಪ್ರತಿ ಬಿರುಕಿನಲ್ಲೂ ನೀಲಿ. ನಾಲ್ಕು ಗಂಟೆಗೆ ಗುಂಡು ಹೋಯಿತು. ನಾಲ್ಕೂವರೆಗೆ ಹದಿನೈದು ಹೋಯಿತು. ಏಳು ಹೋಗಲೊಲ್ಲದು.

ಹಸಿರು ಚೂಡಿದಾರದವರಿಗೆ ಆಪಾಳನ್ನು ನೋಡಿ ಪಾಪ ಎನಿಸಿತು. "ನೀವು ಬನ್ನಿ ಅಕ್ಕ, ನನ್ನ ಕಾರುಂಟು. ಬೀಚು ತೋರಿಸಿ ಸೀದಾ ಬಸ್‌ಸ್ಟ್ಯಾಂಡಿಗೆ ಬಿಡ್ತೇನೆ. ಇವರು ಉಜ್ಜಿ ಬರ್ಲಿ."

ನಾನು ನಾರು ಹಿಡಿದು ತಿರುಗಿದೆ. "ಓಗು ಆಪಾ" ಎಂದೆ. ಮನಸ್ಸಿನಿಂದಲೇ ಹೇಳಿದೆ.

ಆಪಾ ಪಾರ್ಕಿನ ಬಾಗಿಲ ಕಡೆ ನೋಡಿದಳು. ನನ್ನ ಕಡೆ ನೋಡಿದಳು. ಬಕೆಟ್ಟಿನ ಪಕ್ಕ ಕಲ್ಲಿನ ಮೇಲೆ ಕೂತಳು. "ಇವನ್ನ ಒಬ್ಬನ್ನೇ ಬುಟ್ಟು ಎಂಗಮ್ಮ ಬರ್ಲಿ? ಇನ್ನೊಂದ್ ಮರಕ್ಕೆ ಬರ್ದುಬುಡ್ತಾನೆ" ಎಂದಳು.

ನನ್ನ ಪಕ್ಕ ಕೂತು ಅವಳು ಸಮುದ್ರ ಕಳೆದುಕೊಂಡದ್ದು ಇದು ಎರಡನೇ ಸಲ. ಈ ಸಲ ಗದ್ದಬಾವಿನ ನೆಪವೂ ನನಗಿರಲಿಲ್ಲ.

ಏಳು ಹೋದಾಗ ಗಂಟೆ ಐದು ದಾಟಿತ್ತು. ಬಸ್ಸು ಸಿಕ್ಕಿತು. ಘಟ್ಟದ ಬುಡದಲ್ಲಿ ಆಪಾ ಕಿಟಕಿಯ ಕಡೆ ಮುಖ ಮಾಡಿಯೇ ಕೇಳಿದಳು.

"ಅವ್ರು ನಲವತ್ತು ಅಂದ್ರೆ ನಿನ್ ಗಂಟೇನ್ ಓಗ್ತಿತ್ತೋ?"

"ಲೆಕ್ಕ ತಪ್ಪು ಆಪಾ."

"ತಪ್ಪಾಗಿದ್ರೆ ಮರ ಬಿದ್ದೋಗ್ತಿತ್ತಾ?"

ಮರ ಬೀಳುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಅದು ಐವತ್ತೇ.

ಹಸಿರು ಚೂಡಿದಾರದವರು ಆಪಾಳ ನಂಬರು ಬರೆದುಕೊಂಡಿದ್ದರು. ಮೂರು ವಾರ ಕಳೆದು ಅವರೇ ಫೋನು ಮಾಡಿ ಕರೆದರು. ಆಪಾ, ರಿಹಾನಾ, ನನ್ನ ಮಗಳು ಮೂವರೂ ಹೊರಟರು. ನಾನೂ ಚಪ್ಪಲಿ ಹಾಕಿಕೊಂಡೆ. "ನೀವ್ ಎಲ್ಲಿಗೆ?" ಎಂದಳು ರಿಹಾನಾ. ಚಪ್ಪಲಿ ಬಿಟ್ಟೆ.

ಅಂದು ಸಂಜೆ ನಾನು ಸಾಮಿಲ್ಲಿನಲ್ಲಿದ್ದಾಗ ಆಪಾಳ ಫೋನು ಬಂತು. ಮೊದಲು ಮಾತೇ ಇಲ್ಲ, ಬರೀ ಭೋರ್ ಎಂಬ ಸದ್ದು. ಅವಳು ಫೋನನ್ನು ಸಮುದ್ರದ ಕಡೆ ಹಿಡಿದಿದ್ದಳು. ನಾನು ಗರಗಸ ನಿಲ್ಲಿಸಲು ಹೇಳಿ ಕಿವಿಗೊತ್ತಿ ಕೇಳಿದೆ. ತುಂಬ ಹೊತ್ತು ಕೇಳಿದೆ.

"ಕೇಳಿಸ್ತಾ ಬಾಬು?" ಎಂದಳು. "ಎಷ್ಟ್ ದೊಡ್ದು ಗೊತ್ತಾ? ಕೊನೇನೇ ಇಲ್ಲ ಕಣೋ."

ನನಗೆ ಕಣ್ಣು ತುಂಬಿ ಬಂತು. ಏನಾದರೂ ಒಳ್ಳೆಯ ಮಾತು ಹೇಳಬೇಕೆನಿಸಿತು. ಬಾಯಿ ತೆರೆದೆ.

"ಆಪಾ, ದಡದಲ್ಲಿ ಯಾವ ಮರ ಅದೆ?"

ಫೋನು ಕಟ್ಟಾಯಿತು. ಗಾಳಿ ಮರವೇ ಇರಬೇಕು. ಸೌದೆಗೆ ಪರವಾಗಿಲ್ಲ, ಹಲಗೆಗೆ ಬರುವುದಿಲ್ಲ.