ಪೈಲ್ವಾನನ ಪೌಷ್ಟಿಕಾಂಶ

ಓದು ಬಲ್ಲ ಗಂಡಸಿಗೆ ಸ್ವಂತ ಮನೆಯಲ್ಲಿ ಮರ್ಯಾದೆ ಇಲ್ಲ ಎಂಬುದು ನನ್ನ ಬಹುದಿನದ ದೂರು. ನಾಯಿಯ ಆಹಾರದ ಚೀಲವನ್ನು ಹಿಂದುಮುಂದು ತಿರುಗಿಸಿ, ಕನ್ನಡಕ ಏರಿಸಿ, ಕೊಟ್ಟಕೊನೆಯ ಸಣ್ಣಕ್ಷರದವರೆಗೆ ಓದುವ ಮನುಷ್ಯ ಇಡೀ ನೆಹರು ನಗರದಲ್ಲಿ ನಾನೊಬ್ಬನೇ ಇರಬೇಕು. ಇದಕ್ಕೆ ನನ್ನ ಹೆಂಡತಿ ಪ್ರಮಿಳಾ ಹೇಳುವುದು ಕೆಲಸವಿಲ್ಲದ ಬಡಗಿಯ ಗಾದೆ. (ಅವನು ಮಗನ ಏನನ್ನು ಕೆತ್ತಿದ ಎಂಬುದನ್ನು ಸಭ್ಯತೆಗಾಗಿ ಬಿಟ್ಟಿದ್ದೇನೆ.)

ನಾಯಿ ಬಂದದ್ದು ಹೆಂಡತಿಯ ತವರೂರಾದ ಬೀಡಿಯಿಂದ. ನನ್ನ ಮಾವ ಹಣಮಪ್ಪನವರು ಕುರಿ ಕಾಯುತ್ತಲೇ ಬೆಳೆದವರು. ಹಟ್ಟಿಯ ನಾಯಿಮರಿಯೊಂದನ್ನು ನನ್ನ ಮಡಿಲಿಗೆ ಹಾಕುವಾಗ ಷರತ್ತನ್ನೂ ಹಾಕಿದರು.

"ದೀಪಾವಳಿಗೆ ಬರ್ತೇನ್ರಿ ಅಳ್ಯಾರ. ನಾಯಿ ಸೊರಗಿತ್ತಂದ್ರ ಹಗ್ಗ ಹಚ್ಚಿ ವಾಪಸ್ ಒಯ್ಯಾಂವ."

ಆಫೀಸಿನಿಂದ ಬಂದಾಗ ಎದ್ದುಬಂದು ನನ್ನನ್ನು ಸ್ವಾಗತಿಸುವ ಜೀವ ಈ ಮನೆಗೆ ಕಡೆಗೂ ಒಂದು ಸಿಕ್ಕಿತ್ತು. ಅದಕ್ಕೆ ಪೈಲ್ವಾನ ಎಂದು ಹೆಸರಿಟ್ಟೆ. ಅದನ್ನು ಕಳೆದುಕೊಳ್ಳುವುದು ನನ್ನಿಂದಾಗದ ಮಾತಾಗಿತ್ತು.

ಹಟ್ಟಿಯ ಪದ್ಧತಿಯಲ್ಲಿ ಹಂಚಿನಿಂದ ಇಳಿದ ಮೊದಲ ರೊಟ್ಟಿ ನಾಯಿಗೆ, ಆಮೇಲಿನದು ಗಂಡಸರಿಗೆ. ಪ್ರಮಿಳಾ ನೆಹರು ನಗರದಲ್ಲೂ ಅದನ್ನೇ ನಡೆಸಲು ಹೊರಟಾಗ ನಾನು ವಿಜ್ಞಾನದ ಹೆಸರಿನಲ್ಲಿ ತಡೆಯಾಜ್ಞೆ ತಂದು, ಚೀಲದ ಶೋಧಕ್ಕೆ ಹೊರಟೆ.

ಅಂಗಡಿಯಲ್ಲಿ ಮೊದಲು ಕೈಗೆ ಬಂದ ಚೀಲದ ಮೇಲೆ ಕುರಿಯಷ್ಟು ದೊಡ್ಡ ಕೋಳಿಯ ಚಿತ್ರವಿತ್ತು. ಹಿಂದೆ ತಿರುಗಿಸಿದರೆ ಬರೀ 'ಚಿಕನ್ ಫ್ಲೇವರ್'. ಯಾವುದು ಹೆಚ್ಚಿದೆಯೋ ಅದರ ಹೆಸರು ಮೊದಲು ಬರುತ್ತದೆ ಎಂಬುದು ನನಗೆ ಗೊತ್ತು. ಇಲ್ಲಿ ಮೆಕ್ಕೆಜೋಳ, ತೌಡು, ಸೋಯಾ ಎಲ್ಲ ಮೆರವಣಿಗೆ ಹೋದ ಮೇಲೆ ಕೋಳಿ ಬಾಲ ಹಿಡಿದು ಬರುತ್ತಿತ್ತು. 'ಪ್ರೀಮಿಯಂ' ಎಂದರೇನು ಎಂದು ಅಂಗಡಿಯವನನ್ನು ಕೇಳಿದೆ. ರೇಟು ಜಾಸ್ತಿ ಎಂದರ್ಥ ಎಂದ. ಕಡೆಗೆ ಕೋಳಿಯೇ ಮೊದಲ ಸ್ಥಾನದಲ್ಲಿದ್ದ, 'ಬೆಳೆಯುವ ಮರಿಗೆ ಸಂಪೂರ್ಣ ಆಹಾರ' ಎಂದು ಬರೆದಿದ್ದ ಚೀಲವನ್ನು ಹೊತ್ತು ತಂದೆ. ಹೊಳೆಯುವ ಕೂದಲು, ಗಟ್ಟಿ ಮೂಳೆ, ಅಪಾರ ಹುಮ್ಮಸ್ಸು ಎಂಬ ಅದರ ಆಶ್ವಾಸನೆಗಳನ್ನು ಪ್ರಮಿಳಾಳಿಗೆ ಗಟ್ಟಿಯಾಗಿ ಓದಿ ಹೇಳಿದೆ.

"ಓದಾವ್ರು ನೀವು, ತಿನ್ನೂದು ನಾಯಿ. ಅದನ್ನ ಒಂದ್ ಮಾತ ಕೇಳೀರೇನು?" ಎಂದಳು.

ಅಜ್ಞಾನಿಗಳ ಜೊತೆ ವಾದ ಮಾಡಬಾರದು. ದಿನಾ ಸಂಜೆ ಅಳೆದು ಬಟ್ಟಲಿಗೆ ಹಾಕಿ ವಾಕಿಂಗ್ ಹೋಗುತ್ತಿದ್ದೆ. ಬರುವಷ್ಟರಲ್ಲಿ ಬಟ್ಟಲು ಲಕಲಕ. ಪೈಲ್ವಾನ ಹೆಸರಿಗೆ ತಕ್ಕಂತೆ ಬೆಳೆದ. ಮೈ ಮೇಲೆ ನೊಣ ಕೂತರೆ ಜಾರುವಂಥ ಹೊಳಪು. ಬಾಜೂ ಮನೆಯ ಸಮದಭಾಯಿಗೆ ಪ್ರೋಟೀನಿನ ಬಗ್ಗೆ ಎಷ್ಟು ತಿಳಿಹೇಳಿದೆನೆಂದರೆ, ಅವರೀಗ ನನ್ನನ್ನು ಕಂಡರೆ ರಸ್ತೆ ದಾಟುತ್ತಾರೆ.

ರವಿವಾರ ಬಂತೆಂದರೆ ಅತ್ತೆ ಮಾಯಕ್ಕ ಬೀಡಿಯಿಂದ ಜವಾರಿ ಕೋಳಿಯ ತತ್ತಿ ತರುತ್ತಿದ್ದರು. ಬೆಳಿಗ್ಗೆ ಎರಡೆರಡು ಬಾರಿಸುತ್ತಾ, ನೋಡು, ಇದಕ್ಕೆ ಲೇಬಲ್ಲೇ ಬೇಡ, ತಿಪ್ಪೆ ಕೆದರಿ ಕಾಳು ತಿಂದ ಶುದ್ಧ ಕೋಳಿಯ ತತ್ತಿ ಎಂದು ಅದರ ಮೇಲೂ ಭಾಷಣ ಮಾಡುತ್ತಿದ್ದೆ. ಪ್ರಮಿಳಾ ಯಾಕೋ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ದೀಪಾವಳಿ ಬಂತು, ಮಾವನೂ ಬಂದರು. ಸಂತೆಯಲ್ಲಿ ಟಗರು ನೋಡುವ ಹಾಗೆ ಪೈಲ್ವಾನನ ಪಕ್ಕೆಲುಬು ಒತ್ತಿ, ಕೂದಲು ಸವರಿ, ತಲೆ ಆಡಿಸಿದರು. ನಾನು ಅಲ್ಲಿಗೆ ಸುಮ್ಮನಿರಬೇಕಿತ್ತು. ಚೀಲ ತಂದು ಅವರ ಮುಂದಿಟ್ಟು, ಪದಾರ್ಥಗಳ ಯಾದಿಯಿಂದ ಹಿಡಿದು ಹುಮ್ಮಸ್ಸಿನವರೆಗೂ ಓದಿದೆ.

"ಹೌದಾ? ಹಾಕ್ರಿ ಮತ್ತ, ತಿನ್ನೂದು ನೋಡೂಣು," ಎಂದರು ಮಾವ.

ಹಾಕಿದೆ. ಪೈಲ್ವಾನ ಬಟ್ಟಲನ್ನು ಮೂಸಿದ. ಸಾಲ ಕೇಳಲು ಬಂದ ನೆಂಟನನ್ನು ನೋಡುವಂತೆ ನನ್ನನ್ನು ನೋಡಿದ. ಆಮೇಲೆ ನೇರ ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಕುಳಿತ. ಪ್ರಮಿಳಾ ಹಂಚಿನ ಮೇಲಿನ ಮೊದಲ ರೊಟ್ಟಿ ಇಳಿಸಿ, ಆರಿಸಿ, ಹಾಲಿನಲ್ಲಿ ಮುರಿದು ಅವನ ಮುಂದಿಟ್ಟಳು. (ಮೊದಲ ರೊಟ್ಟಿ ಯಾವಾಗಲೂ ಹರಿಯುತ್ತದೆ, ಅದಕ್ಕೇ ನಿಮಗೆ ಹಾಕುವುದಿಲ್ಲ ಎಂದು ಅವಳು ಹೇಳಿದ್ದನ್ನು ನಾನು ಇಷ್ಟು ದಿನ ನಂಬಿದ್ದೆ.)

"ಹಂಗಾರ ಇಷ್ಟ ದಿನಾ ಚೀಲಾ ಖಾಲಿ ಮಾಡಿದಾವ್ರು ಯಾರು?" ಎಂದೆ.

"ಮೊದಲನೇ ದಿನಾನ ಮೂಸಿ ಬಿಟ್ಟತರಿ. ರೊಕ್ಕಾ ಕೊಟ್ಟ ತಂದದ್ದು, ಚೆಲ್ಲಾಕ ಮನಸ್ಸಾಗ್ಲಿಲ್ಲ. ನೀವು ವಾಕಿಂಗ್ ಹೋದ ಮ್ಯಾಲ ಡಬ್ಬಿಗೆ ತುಂಬಿ ಇಡತಿದ್ದೆ. ಅವ್ವ ಒಯ್ದು ನೀರಾಗ ನೆನಸಿ ಕೋಳಿಗೋಳಿಗೆ ಹಾಕತಾಳ. ಮುಗಿಬಿದ್ದು ತಿಂತಾವಂತ."

ಬೀಡಿಯ ಕೋಳಿಗಳು. ಆ ತತ್ತಿಗಳು. ದಿನಾ ಬೆಳಿಗ್ಗೆ ಎರಡೆರಡು.

ನಾಯಿ ಇಲ್ಲೇ ಇರಲಿ, ಮಗಳ ಕೈಯಾಗ ಚಲೋ ಬೆಳದೈತಿ ಎಂದು ಮಾವ ತೀರ್ಪು ಕೊಟ್ಟರು. ಬಳಿಕ ನನ್ನನ್ನು ಹತ್ತಿರ ಕರೆದು ಬಗ್ಗಿಸಿ, ನಾಯಿಯನ್ನು ಸವರಿದ ಅದೇ ಕೈಯಿಂದ ನನ್ನ ತಲೆ ಸವರಿದರು.

"ಚೀಲದಾಗ ಬರದದ್ದು ಸುಳ್ಳಲ್ಲ ಬಿಡ್ರಿ ಅಳ್ಯಾರ. ಕೂದಲಾ ಹೊಳ್ಯಾಕ ಹತ್ಯಾವ."

"ಹಂಗಾರ ಚೀಲಾ ತರೂದ ಬಿಡಬ್ಯಾಡ್ರಿ," ಎಂದು ಪ್ರಮಿಳಾ ಎರಡನೆಯ ರೊಟ್ಟಿಯ ಜೊತೆ ನನ್ನ ತಟ್ಟೆಗೆ ಎರಡು ತತ್ತಿ ಬಡಿಸಿದಳು.